ಸಣ್ಣ ಟ್ರ್ಯಾಕ್ಟರ್‌ನಲ್ಲಿ ಮಣ್ಣು ತಳ್ಳುವಾಗ ಹೈ-ಲೋ ಲಿವರ್ ಎಲ್ಲಿರಬೇಕು?

ಗೇರುಗಳನ್ನು ವೇಗದ ಗುಂಪಿಗೋ (ಹೈ) ನಿಧಾನದ, ಬಲದ ಗುಂಪಿಗೋ (ಲೋ) ಬದಲಿಸುವುದು ಹೈ-ಲೋ ಲಿವರ್; ಈ ಗುಂಪಿಗೇ ರೇಂಜ್ ಅನ್ನುವುದು. ತಳ್ಳುವ ಕೆಲಸದಲ್ಲಿ ಚಕ್ರ ಜಾರಿದರೆ ಪರವಾಗಿಲ್ಲ, ಕ್ಲಚ್ ಜಾರಬಾರದು. ಅಡಿಕೆ ಅಂಗಳ ಹದ ಮಾಡುವುದಿರಲಿ, ಧರೆ (ಕಡಿದಾದ ಮಣ್ಣಿನ ದಿಬ್ಬ) ಕಡಿದ ಮಣ್ಣನ್ನು ತೋಟದ ಅಂಚಿಗೆ ಸರಿಸುವುದಿರಲಿ, ಟಿಪ್ಪರ್ ಸುರಿದುಹೋದ ರಾಶಿ ಹರಡುವುದಿರಲಿ, ಗೇರು ಆರಿಸುವ ಲೆಕ್ಕವೆಲ್ಲ ಇಷ್ಟೇ.

27 ಎಚ್‌ಪಿ ಅಂದರೆ ಸುಮಾರು 20 ಕಿಲೋವ್ಯಾಟ್. ಗೇರು, ಆಕ್ಸಲ್‌ಗಳಲ್ಲಿ ಕಳೆದು ಚಕ್ರದ ಹತ್ತಿರ 14 ಉಳಿಯಿತು ಅಂದುಕೊಳ್ಳಿ. ಗಂಟೆಗೆ 12 ಕಿ.ಮೀ. ಓಡುವ ಗೇರಿನಲ್ಲಿ ಇದು ಕೊಡುವ ತಳ್ಳುಬಲ 430 ಕೆ.ಜಿ. ಆಸುಪಾಸು. ಅದೇ ಎಂಜಿನ್ 2 ಕಿ.ಮೀ. ಗೇರಿನಲ್ಲಿ ಲೆಕ್ಕದ ಪ್ರಕಾರ 2,500 ಕೆ.ಜಿ. ತಳ್ಳಬೇಕು. ಆದರೆ ಒಂದು ಟನ್ ತೂಕದ ಗಾಡಿಗೆ, ಫೋರ್ ವೀಲ್ ಹಾಕಿದರೂ, ಗಟ್ಟಿ ಒಣ ಮಣ್ಣಿನಲ್ಲಿ ಸಿಗುವ ಹಿಡಿತ ಅದರ ತೂಕದ ಅರ್ಧದಷ್ಟು, ಹೆಚ್ಚೆಂದರೆ 600 ಕೆ.ಜಿ. ಹಾಗಾಗಿ ಹೈನಲ್ಲಿ ಚಕ್ರ ಜಾರುವ ಮೊದಲೇ ಎಂಜಿನ್ ಅದುಮಿಹೋಗುತ್ತದೆ. ಅದನ್ನು ಉಳಿಸಲು ಡ್ರೈವರ್ ಹಾಫ್ ಕ್ಲಚ್ ಹಿಡಿಯುತ್ತಾನೆ, ಪ್ಲೇಟ್ ಸುಡುತ್ತದೆ. ಲೋನಲ್ಲಿ ಭಾರ ಜಾಸ್ತಿಯಾದ ಕೂಡಲೇ ಟಯರ್ ಜಾರುತ್ತದೆ, ಕ್ಲಚ್ ಉಳಿಯುತ್ತದೆ.

ಕುಬೋಟಾ ಬಿ2741ರಂತೆ ಮುಂದಕ್ಕೆ 9, ಹಿಂದಕ್ಕೆ 3 ಗೇರಿರುವ ಗಾಡಿಗಳಿವೆ, ಮುಂದೆ 8 ಇರುವವೂ ಇವೆ. ಎಷ್ಟೇ ಇರಲಿ, ಹೈ ರೇಂಜ್ ರಸ್ತೆಗೆ. ಸಡಿಲ ಮಣ್ಣು, ಗೊಬ್ಬರದ ರಾಶಿಗೆ ಲೋ ಎರಡು, ಅಂದರೆ ಲೋ ರೇಂಜಿನ ಎರಡನೇ ಗೇರು. ಧರೆಯ ಗಟ್ಟಿ ಮಣ್ಣು, ಜಂಬಿಟ್ಟಿಗೆಯ ಚೂರು ಬೆರೆತ ಮಣ್ಣಿಗೆ ಲೋ ಒಂದು. ಮೀಡಿಯಂ ಇದ್ದರೆ ಕೊನೆಯಲ್ಲಿ ತೆಳ್ಳಗೆ ಹರಡುವುದಕ್ಕೆ ಸಾಕು. ಅನುಮಾನ ಬಂದರೆ ಹೀಗೆ ನೋಡಿ: ಬ್ಲೇಡ್ ಮುಂದೆ ಮಣ್ಣು ತುಂಬಿರುವಾಗ ನಿಲ್ಲಿಸಿ, ಮತ್ತೆ ಹೊರಡಿ. ಕ್ಲಚ್ ಪೂರ್ತಿ ಬಿಟ್ಟರೂ ಎಂಜಿನ್ ಕುಗ್ಗದೆ ಎಳೆದರೆ ಗೇರು ಸರಿ. ಕಾಲು ಕ್ಲಚ್ಚಿನ ಮೇಲೇ ಇರಬೇಕಾಗಿ ಬಂದರೆ ಒಂದು ಗೇರು ಕೆಳಗೆ.

ರೇಂಜ್ ಬದಲಿಸುವಾಗ ಗಾಡಿ ಪೂರ್ತಿ ನಿಂತಿರಬೇಕು. ಓಡುತ್ತಿರುವಾಗಲೇ ರಸ್ತೆಯ ಗೇರಿನ ಹಾಗೆ ಎಳೆದರೆ ಹಲ್ಲು ಉದುರುತ್ತದೆ. ಕ್ಲಚ್ ತಳದವರೆಗೆ ಒತ್ತಿ, ಎರಡು ಮೂರು ಸೆಕೆಂಡ್ ಬಿಟ್ಟು ಲಿವರ್ ಹಾಕಿ. ಕೂರದಿದ್ದರೆ ಜಗ್ಗಬೇಡಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಹಲ್ಲು ಸರಿದು ತಾನೇ ಕೂರುತ್ತದೆ. ಇಳಿಜಾರಿನಲ್ಲಿ ಮಾತ್ರ ಈ ಕೆಲಸ ಮಾಡಲೇಬಾರದು. ಲಿವರ್ ನ್ಯೂಟ್ರಲ್‌ಗೆ ಬಂದ ಕ್ಷಣ ಎಂಜಿನ್ನಿನ ಹಿಡಿತ ಹೋಗಿ ಗಾಡಿ ಉರುಳುತ್ತದೆ, ಆಮೇಲೆ ಯಾವ ಗೇರೂ ಕೂರುವುದಿಲ್ಲ. ಇಳಿಯುವ ಮೊದಲೇ, ಮೇಲಿನ ಸಮತಟ್ಟಿನಲ್ಲೇ ಲೋಗೆ ಹಾಕಿಕೊಳ್ಳಿ. ಎರಡು ಬ್ರೇಕ್ ಪೆಡಲ್ ಸೇರಿಸುವ ಕೊಂಡಿ ಹಾಕಿದೆಯೇ ನೋಡಿ. ಇಳಿಯುವಾಗ ಕ್ಲಚ್ ಮುಟ್ಟಬೇಡಿ.

ಆಕ್ಸಿಲೇಟರ್ ಪೂರ್ತಿ ಎಳೆದಿಟ್ಟುಕೊಳ್ಳುವುದೂ ಬೇಡ. ಎಂಜಿನ್ನಿನ ಎಳೆತ ಹೆಚ್ಚಿರುವುದು ಪೂರ್ತಿ ಆರ್‌ಪಿಎಂನಲ್ಲಲ್ಲ, ಅದಕ್ಕಿಂತ ಸಾಕಷ್ಟು ಕೆಳಗೆ. 1,500ರಿಂದ 1,800ರ ನಡುವೆ ಇಟ್ಟು ತಳ್ಳಿ. ಮುಳ್ಳು 300ಕ್ಕಿಂತ ಹೆಚ್ಚು ಕುಸಿದರೆ ಬ್ಲೇಡ್ ಒಂದು ಇಂಚು ಎತ್ತಿ. ಹೊಗೆ ಕಪ್ಪಾಗುವವರೆಗೆ ಕಾಯುವುದಲ್ಲ. ಹೈಡ್ರೋಸ್ಟಾಟಿಕ್ ಗಾಡಿಯಾದರೆ (ಎಣ್ಣೆಯ ಒತ್ತಡದಿಂದ ಓಡುವ, ವೇಗವನ್ನು ಪೆಡಲಿನಿಂದಲೇ ಬದಲಿಸುವ ಗಾಡಿ) ಕಾಲಿನ ಅಭ್ಯಾಸ ತಿರುಗಿಸಿಕೊಳ್ಳಬೇಕು: ಸಿಕ್ಕಿಕೊಂಡಾಗ ಪೆಡಲ್ ಒತ್ತಿದಷ್ಟೂ ಬಲ ಕಡಿಮೆ, ಸ್ವಲ್ಪ ಬಿಟ್ಟರೆ ಬಲ ಬರುತ್ತದೆ.

ಒಂದು ಸಲಕ್ಕೆ ಎರಡು ಮೂರು ಇಂಚು ಆಳ ಸಾಕು. ಬೇಸಿಗೆಯಲ್ಲಿ ಕಲ್ಲಾಗಿರುವ ಕೆಂಪು ಮಣ್ಣನ್ನು ಬ್ಲೇಡಿನಿಂದ ಕೆರೆಯುವುದು ದಂಡ. ಮೊದಲು ಕಲ್ಟಿವೇಟರ್ ಎರಡು ಸಾಲು ಹೊಡೆದು ಸಡಿಲ ಮಾಡಿ, ಆಮೇಲೆ ತಳ್ಳಿ. ನಮ್ಮ ಕಡೆ ಮಳೆ ನಿಂತು, ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಒತ್ತಿದರೆ ಒಡೆಯುವ ಹದಕ್ಕೆ ಬಂದಾಗ ಕೆಲಸ ಅರ್ಧ ಹಗುರ. ಆಷಾಢದ ಜಿಡ್ಡಿನಲ್ಲಿ ಲೋ ಹಾಕಿದರೂ ಉಪಯೋಗವಿಲ್ಲ, ಆಗ ಕೊರತೆ ಬಲದ್ದಲ್ಲ, ಹಿಡಿತದ್ದು.

ಚಕ್ರ ಎಷ್ಟು ಜಾರುತ್ತಿದೆ ಎಂದು ಅಳೆಯಬಹುದು. ಹಿಂದಿನ ಟಯರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಖಾಲಿ ಹೋಗುವಾಗ ಮೂರು ಸುತ್ತಿಗೆ ಎಷ್ಟು ದೂರ, ಮಣ್ಣು ತಳ್ಳುವಾಗ ಮೂರು ಸುತ್ತಿಗೆ ಎಷ್ಟು ದೂರ, ನೋಡಿ. 9 ಮೀಟರ್ ಇದ್ದದ್ದು 7.7ಕ್ಕೆ ಇಳಿದರೆ ಜಾರಿಕೆ ಶೇ. 14ರಷ್ಟು, ನಡೆಯುತ್ತದೆ. 7ಕ್ಕಿಂತ ಕೆಳಗಿಳಿದರೆ ಡೀಸೆಲ್ಲೂ ಟಯರೂ ವ್ಯರ್ಥ. ಆಗ ಭಾರ ಕಡಿಮೆ ಮಾಡಿ, ಇಲ್ಲವೇ ತೂಕ ಸೇರಿಸಿ. ಮುಂದೆ ಲೋಡರ್ ಇದ್ದರೆ ಹಿಂದೆ ರೋಟವೇಟರ್ ಅಥವಾ ಕಲ್ಟಿವೇಟರ್ ಕಟ್ಟಿಕೊಂಡೇ ತಳ್ಳಬೇಕು, ಹಿಂದಿನ ಚಕ್ರ ಹಗುರಾದರೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಟಯರಿಗೆ ನೀರು ತುಂಬುವುದಾದರೆ ವಾಲ್ವ್ ಮೇಲಿಟ್ಟು ಅದರ ಮಟ್ಟದವರೆಗೆ, ಅಂದರೆ ಮುಕ್ಕಾಲು ಭಾಗ. ಫೋರ್ ವೀಲ್ ಮಣ್ಣಿನಲ್ಲಿ ಮಾತ್ರ, ಟಾರ್ ರಸ್ತೆಗೆ ಹತ್ತುವ ಮೊದಲು ತೆಗೆಯಿರಿ. ಒಂದೇ ಚಕ್ರ ತಿರುಗಿ ಗುಂಡಿ ತೋಡುತ್ತಿದ್ದರೆ ಮೊದಲು ಚಕ್ರ ನಿಲ್ಲಿಸಿ ಡಿಫ್ ಲಾಕ್ (ಎರಡೂ ಹಿಂದಿನ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಪೆಡಲ್) ಒತ್ತಿ, ನೇರ ಹೋಗಿ, ತಿರುಗಿಸುವ ಮೊದಲು ಬಿಡಿ.

ಲೋ ಕೊಡುವ ಬಲಕ್ಕೆ ಇನ್ನೊಂದು ಮುಖವೂ ಇದೆ. ಬಕೆಟ್ ಬೇರಿನ ಬುಡಕ್ಕೋ ಹೂತ ಕಲ್ಲಿಗೋ ಸಿಕ್ಕಿ, ಟಯರ್ ಜಾರದೆ ಕಚ್ಚಿಕೊಂಡರೆ ಆ ಬಲವೆಲ್ಲ ಹೋಗುವುದು ಮುಂದಿನ ಆಕ್ಸಲ್ಲಿನ ಸಣ್ಣ ಬೆವೆಲ್ ಗೇರಿಗೆ. ಗಾಡಿಯನ್ನು ಹಿಂದಕ್ಕೆ ತಂದು ಮತ್ತೆ ಓಡಿಸಿ ಗುದ್ದುವುದು ಇದಕ್ಕಿಂತ ಕೆಟ್ಟದ್ದು. ಅಂಥ ಕಡೆ ಪಿಕಾಸಿ ಹಿಡಿಯಿರಿ, ಇಲ್ಲ ಜೆಸಿಬಿ ಕರೆಸಿ. ಹಿಂದಿನ ಲೆವೆಲರ್ ತಿರುಗಿಸಿ ರಿವರ್ಸ್‌ನಲ್ಲಿ ತಳ್ಳುವವರು ಬಹಳ. ಸಡಿಲ ಮಣ್ಣಿಗೆ ಲೋ ರಿವರ್ಸ್‌ನಲ್ಲಿ ಸರಿ. ಗಟ್ಟಿ ಧರೆಗೆ ಹಾಗೆ ಮಾಡಿದರೆ ಲೆವೆಲರ್ ಹಿಡಿದಿರುವ ಲಿಂಕ್ ತೋಳುಗಳು ಬಾಗುತ್ತವೆ, ಅವು ಎಳೆಯಲು ಮಾಡಿದವು.

ಧರೆಯ ಅಂಚಿಗೆ ತಳ್ಳುವಾಗ ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರದಲ್ಲೇ ಮುಂದಿನ ಚಕ್ರ ನಿಲ್ಲಬೇಕು. ಆರು ಅಡಿ ಧರೆಯಾದರೆ ಆರು ಅಡಿ. ಮಣ್ಣನ್ನು ಅಂಚಿನಾಚೆ ಬೀಳಿಸಲು ಹೋಗದೆ ಅಲ್ಲೇ ಗುಡ್ಡೆ ಬಿಡಿ, ಮುಂದಿನ ಸಲದ ಮಣ್ಣು ಅದನ್ನು ದೂಡುತ್ತದೆ. ಉಳಿದ ದೂರವನ್ನು ಗುದ್ದಲಿಗೆ ಬಿಟ್ಟರಾಯಿತು. ಇಳಿಜಾರಿಗೆ ಅಡ್ಡಲಾಗಿ ತಳ್ಳಬೇಡಿ. ಇಳಿಮುಖವಾಗಿ ತಳ್ಳಿ, ಲೋ ರಿವರ್ಸ್‌ನಲ್ಲಿ ಹಿಂದಕ್ಕೆ ಹತ್ತಿ.

ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಕ್ಲಚ್ ತಣಿಯಲು ಬಿಡಿ. ಪೆಡಲ್ ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವ ದೂರ) ಕೈಪಿಡಿ ಹೇಳಿದಷ್ಟಿದೆಯೇ ಅಳೆಯಿರಿ, ಅದು ಇಲ್ಲದಿದ್ದರೆ ಕಾಲು ತೆಗೆದರೂ ಪ್ಲೇಟ್ ಜಾರುತ್ತಲೇ ಇರುತ್ತದೆ. ಭಾರ ಬಿದ್ದಾಗ ರೇಂಜ್ ಲಿವರ್ ತಾನೇ ಹಾರಿ ನ್ಯೂಟ್ರಲ್‌ಗೆ ಬರುತ್ತಿದ್ದರೆ ಒಳಗಿನ ಸ್ಪ್ರಿಂಗು-ಬಾಲ್ ಅಥವಾ ಗೇರಿನ ಹಲ್ಲು ಸವೆದಿದೆ. ಕೈಯಲ್ಲಿ ಹಿಡಿದುಕೊಂಡೋ ಹಗ್ಗ ಕಟ್ಟಿಯೋ ಓಡಿಸುವವರಿದ್ದಾರೆ, ಇಳಿಜಾರಿನ ಊರಿನಲ್ಲಿ ಅದು ಆಗದ ಮಾತು. ಲಿವರ್ ಬುಡದ ರಬ್ಬರ್ ಹರಿದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಿಸಿ. ಅಲ್ಲಿಂದ ನೀರು ಇಳಿದರೆ ಗೇರ್ ಆಯಿಲ್ ಹಾಲು ಕಲಸಿದಂತೆ ಬೆಳ್ಳಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಹಾಗೆ ಕಂಡರೆ ಮೇಲೆ ತುಂಬುವುದಲ್ಲ, ಪೂರ್ತಿ ಇಳಿಸಿ, ಫಿಲ್ಟರ್ ಸಮೇತ ಹೊಸದು ಹಾಕಬೇಕು.