ಡೇನಿಶ್ ಮನೆಯಲ್ಲಿ ಇರುವುದು: ಬೇಕು, ಬೇಡ ಬಾಯಿಬಿಟ್ಟು ಹೇಳಿ

ಡೆನ್ಮಾರ್ಕಿಗೆ ಹೋಗಿ ಅಲ್ಲಿಯವರ ಮನೆಯಲ್ಲೇ ಉಳಿಯುವವರಿಗೆ ಈ ಮಾತುಗಳು. ಅಲ್ಲಿಯ ಹೆಚ್ಚಿನ ಮನೆಗಳಲ್ಲಿ ರಾತ್ರಿಯೂಟ ಸಂಜೆ ಆರರ ಸುಮಾರಿಗೇ. ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಹೊತ್ತು ಅದು. ತಡವಾಗುವುದಾದರೆ ಮೊದಲೇ ಮೆಸೇಜ್ ಹಾಕಬೇಕು. ನಮ್ಮ ಕಡೆಯ ಉಪಚಾರ ಅಲ್ಲಿಲ್ಲ. ಪಾತ್ರೆ ಕೈಯಿಂದ ಕೈಗೆ ಬರುತ್ತದೆ, ಇನ್ನಷ್ಟು ಬೇಕೇ ಎಂದು ಒಂದು ಸಲ ಕೇಳುತ್ತಾರೆ. ಸಂಕೋಚಕ್ಕೆ ಬೇಡ ಅಂದರೂ ನಿಜಕ್ಕೂ ಬೇಡವೆಂದೇ ತಿಳಿಯುತ್ತಾರೆ. ಎರಡನೇ ಸಲ ಒತ್ತಾಯ ಮಾಡುವುದು ಅವರ ದೃಷ್ಟಿಯಲ್ಲಿ ಮರ್ಯಾದೆಯಲ್ಲ. ಉಂಡೆದ್ದಾಗ ಅಡುಗೆ ಮಾಡಿದವರಿಗೆ "ತಾಕ್ ಫೋ ಮೆಲ್" (ಊಟಕ್ಕೆ ಧನ್ಯವಾದ) ಅನ್ನುವುದನ್ನು ಮರೆಯಬಾರದು. ಆಮೇಲೆ ತಟ್ಟೆಯನ್ನು ಡಿಶ್‌ವಾಷರಿನಲ್ಲಿ ಇಡುವುದು ನಮ್ಮದೇ ಕೆಲಸ. ಮನೆಯ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ನಾಲಿಗೆಗೆ ಒಗ್ಗಲು ಸ್ವಲ್ಪ ದಿನ ಬೇಕು.

ಸಸ್ಯಾಹಾರಿಗಳು "ಮಾಂಸ ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಸಾಲದು, ಮೀನು ಬಂದೇ ಬರುತ್ತದೆ. ಮೀನು, ಮೊಟ್ಟೆ, ಮಾಂಸದ ರಸದಲ್ಲಿ ಮಾಡಿದ ಕಂದು ಸಾಸು, ಜೆಲಟಿನ್ ಒಂದೊಂದನ್ನೂ ಹೆಸರಿಸಿ, ಊರಿನಿಂದ ಹೊರಡುವ ಮೊದಲೇ ಆ ಮನೆಯವರಿಗೆ ಬರೆದು ಕಳಿಸಿ. ಶುಕ್ರವಾರ ಮಕ್ಕಳಿಗೆ ಕೊಡುವ ಜಿಗಿ ಮಿಠಾಯಿಯಲ್ಲಿ ಹಂದಿಯ ಜೆಲಟಿನ್ ಇರುವುದು ಸಾಮಾನ್ಯ. ಬ್ರೆಡ್ಡಿಗೆ ಹಚ್ಚುವ ಲೆವರ್‌ಪೊಸ್ತೈ ಹಂದಿಯ ಪಿತ್ತಜನಕಾಂಗದ್ದು.

ಮಧ್ಯಾಹ್ನದ ಬುತ್ತಿಯನ್ನು ನಾವೇ ಕಟ್ಟಿಕೊಳ್ಳಬೇಕು. ರೈ ಧಾನ್ಯದ ಕಪ್ಪು ಬ್ರೆಡ್ಡು ಹುಳಿ, ಭಾರ; ಎರಡು ಹೋಳಿಗೇ ಹೊಟ್ಟೆ ತುಂಬುತ್ತದೆ. ಅಂಚಿನವರೆಗೂ ಬೆಣ್ಣೆ ಸವರಿ, ಇಲ್ಲದಿದ್ದರೆ ಟೊಮೆಟೊ ನೀರು ಇಳಿದು ಬ್ರೆಡ್ಡು ಮೆತ್ತಗಾಗುತ್ತದೆ. ಮೇಲೆ ಬೇಯಿಸಿ ಆರಿಸಿದ ಆಲೂಗಡ್ಡೆ ಬಿಲ್ಲೆ, ಉಪ್ಪು, ಮೆಣಸು, ಹೆಚ್ಚಿದ ಈರುಳ್ಳಿ ಸೊಪ್ಪು. ಇದು ಅಲ್ಲಿಯವರದೇ ತಿನಿಸು, ನಮ್ಮ ಬಾಯಿಗೂ ಹಿಡಿಸುತ್ತದೆ. ಹೋಳುಗಳ ನಡುವೆ ಕಾಗದದ ಹಾಳೆ ಇಟ್ಟು ಡಬ್ಬಿಗೆ ಹಾಕಿ.

ಮೊದಲ ವಾರದಲ್ಲೇ ಮನೆಯವರೊಂದಿಗೆ ಕಮ್ಯೂನಿನ, ಅಂದರೆ ಸ್ಥಳೀಯ ಆಡಳಿತದ, ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಿ ಹತ್ತಂಕಿಯ ಸಿಪಿಆರ್ ಸಂಖ್ಯೆ (ಅಲ್ಲಿಯ ವೈಯಕ್ತಿಕ ಗುರುತಿನ ಸಂಖ್ಯೆ) ಪಡೆಯಿರಿ. ಆರೋಗ್ಯದ ಹಳದಿ ಕಾರ್ಡು ಅಂಚೆಯಲ್ಲಿ ಬರುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರೂ ಅಂಟಿಸಲು ಹೇಳಿ, ಇಲ್ಲವಾದರೆ ಅದು ವಾಪಸ್ ಹೋಗಬಹುದು.

ಸೈಕಲ್ಲಿನ ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡವೇ ಬೇಡ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಮಧ್ಯಾಹ್ನ 3:40ರ ಆಸುಪಾಸು, ಹಿಂದೆ ಮುಂದೆ ದೀಪ ಕಡ್ಡಾಯ. ಬಲಬದಿಯಲ್ಲೇ ಸಾಗಬೇಕು; ನಿಲ್ಲುವ ಮುಂಚೆ ಕೈ ಎತ್ತಬೇಕು. ಎಡಕ್ಕೆ ತಿರುಗಲು ಕಾರುಗಳ ನಡುವೆ ನುಗ್ಗುವಂತಿಲ್ಲ: ಅಡ್ಡರಸ್ತೆ ನೇರ ದಾಟಿ, ಆಚೆ ಮೂಲೆಯಲ್ಲಿ ನಿಂತು, ದಾರಿ ತೆರವಾದ ಮೇಲೆ ಎಡಕ್ಕೆ ಹೊರಡಬೇಕು.