ಎಂಟ್ನೂರರ ಸದ್ದು ಇಳಿಸಿದ್ದು: ಮೊದಲು ತೂತು, ಆಮೇಲೆ ತಗಡು

ತುಮಕೂರಿನಿಂದ ತಿಪಟೂರಿಗೆ ಹೊರಟರೆ ಗುಬ್ಬಿ ಬರುವ ಮುಂಚೆಯೇ ಅಪ್ಪ ಕಿವಿಯ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆ ಮೆಷಿನ್ ನಮ್ಮ ಮಾತನ್ನೂ ಜೋರು ಮಾಡುತ್ತದೆ, ಕಾರಿನ ಸದ್ದನ್ನೂ ಜೋರು ಮಾಡುತ್ತದೆ. ಹಾಕಿಕೊಂಡರೆ ತಲೆನೋವು, ತೆಗೆದರೆ ಏನೂ ಕೇಳಿಸದು. ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಇಬ್ಬರೂ ಮಾತಿಲ್ಲದೆ ಕೂತಿರುತ್ತಿದ್ದೆವು. ಕಾರಿನೊಳಗಿನ ಸದ್ದು ಇಳಿಸುವ ಕೆಲಸಕ್ಕೆ ನಾನು ಕೈ ಹಾಕಿದ್ದು ಅದಕ್ಕೇ. ಮ್ಯೂಸಿಕ್ ಸಿಸ್ಟಮ್‌ಗಾಗಿ ಅಲ್ಲ.

ಗಾಡಿ 2004ರ ಮಾರುತಿ 800. ಅಪ್ಪ ಸಾಲ ಮಾಡದೆ ಕೊಂಡ ಒಂದೇ ದೊಡ್ಡ ವಸ್ತು. 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಎಫ್‌ಸಿ (ಗಾಡಿ ಓಡಿಸಬಹುದು ಅನ್ನುವ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷ ಮುಂದಕ್ಕೆ ತಂದಿದ್ದೇನೆ. 796 ಸಿಸಿ, ಮೂರು ಸಿಲಿಂಡರ್, ಒಟ್ಟು ತೂಕ 650 ಕೆಜಿ ಆಸುಪಾಸು. ಹಗುರ ಇರುವುದಕ್ಕೇ ಅಷ್ಟು ಮೈಲೇಜ್ ಕೊಡುತ್ತದೆ. ಹಗುರ ಇರುವುದಕ್ಕೇ ಸದ್ದೂ ಒಳಗೆ ಬರುತ್ತದೆ. ಎರಡೂ ಒಂದೇ ತಗಡಿನ ಗುಣ.

ಸದ್ದು ತಡೆಯುವುದಕ್ಕೆ ತಗಡಿನ ಒಳಮೈಗೆ ಶೀಟ್ ಅಂಟಿಸಿಕೊಡುವ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೇಳಿದೆ. ನಾಲ್ಕು ಬಾಗಿಲು, ಫ್ಲೋರ್, ಡಿಕ್ಕಿಗೆ 32,000 ಅಂದರು. ನಮ್ಮ ಮೆಕ್ಯಾನಿಕ್‌ಗೆ ಹೇಳಿದೆ. "ಸಾರ್, ಗಾಡಿ ಮಾರಿದ್ರೆ ಅರವತ್ತು ಸಾವಿರ ಬರೋದು ಕಷ್ಟ. ಇದು ಎಂಟ್ನೂರು, ಸದ್ದು ಮಾಡೇ ಮಾಡುತ್ತೆ. ಸುಮ್ನೆ ಬಿಡಿ" ಅಂದ. ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಶೀಟ್ ಅಂಟಿಸೋದು ದುಡ್ಡಿರೋರ ಹುಚ್ಚು" ಅಂದರು. ಇಬ್ಬರಿಗೂ ಉತ್ತರ ಕೊಡುವುದಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು.

ಮೊದಲ ಸೋಲು ಡಾಂಬರ್ ಟೇಪಿನದು. ಛಾವಣಿ ಸೋರಿದರೆ ಅಂಟಿಸುವ ಬೆಳ್ಳಿ ಬಣ್ಣದ ಟೇಪ್ ಗೊತ್ತಲ್ವಾ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನೋಡುವುದಕ್ಕೆ ಅಂಗಡಿಯವರ ಬ್ಯುಟೈಲ್ ಶೀಟ್ (ಅಂಟುವ ರಬ್ಬರ್ ಶೀಟ್) ಇದ್ದ ಹಾಗೇ ಇದೆ, ಬೆಲೆ ಮೂರನೇ ಒಂದು ಭಾಗ. ಜನವರಿಯಲ್ಲಿ 900 ರೂಪಾಯಿದು ತಂದು ಮುಂದಿನ ಎರಡು ಬಾಗಿಲಿಗೆ ಅಂಟಿಸಿದೆ. ಬಾಗಿಲು ಹಾಕಿದರೆ "ದಬ್" ಅಂತು. ಖುಷಿಯಾಯಿತು. ಏಪ್ರಿಲ್ ಬಂತು. ತಿಪಟೂರಿನ ಬಿಸಿಲಿನಲ್ಲಿ ಮಧ್ಯಾಹ್ನ ನಿಲ್ಲಿಸಿದ ಗಾಡಿಯ ಬಾಗಿಲು ತೆಗೆದರೆ ರಸ್ತೆಗೆ ಡಾಂಬರ್ ಹಾಕುವಾಗಿನ ವಾಸನೆ. ಅಂಟು ಇಳಿದು ಗಾಜಿನ ಚಾನೆಲ್‌ಗೆ ಮೆತ್ತಿಕೊಂಡು, ಡ್ರೈವರ್ ಕಡೆಯ ಗಾಜು ಅರ್ಧಕ್ಕೆ ನಿಂತಿತು. ಸೀಮೆಎಣ್ಣೆ ಹಾಕಿ ಕೆರೆದು ತೆಗೆಯುವುದಕ್ಕೆ ಎರಡು ಭಾನುವಾರ ಹೋಯಿತು. ಗಾಜಿನ ಕೆಲಸಕ್ಕೆ 700. ನಮ್ಮ ಬಿಸಿಲಿಗೆ ಡಾಂಬರ್ ಜಾತಿಯ ಯಾವ ಶೀಟೂ ಬೇಡ, ಯಾರು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಎರಡನೇದು ನಾರು. ನಮ್ಮೂರ ಸುತ್ತ ತೆಂಗಿನ ನಾರಿನ ಕಾರ್ಖಾನೆಗಳಿಗೆ ಬರವಿಲ್ಲ. ರಬ್ಬರ್ ಹಾಕಿದ ನಾರಿನ ಹಾಸಿಗೆಯ ತುಂಡುಗಳು 400 ರೂಪಾಯಿಗೆ ಒಂದು ಮೂಟೆ ಸಿಕ್ಕವು. ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯ ಅಕ್ಕಪಕ್ಕ ತುಂಬಿದೆ. ನಿಜ ಹೇಳಬೇಕು ಅಂದರೆ ಇದು ಕೆಲಸ ಮಾಡಿತು. ಹಿಂದಿನ ಚಕ್ರದ ಗುಂಯ್ ಅನ್ನುವ ಸದ್ದು ಮೆತ್ತಗಾಯಿತು. ಆದರೆ ಮಳೆಗಾಲದಲ್ಲಿ ಎಲ್ಲಿಂದಲೋ ನೀರು ಬಂದು ನಾರು ಕುಡಿದು ಕೂತಿತು. ಒಣಗಲೇ ಇಲ್ಲ. ಕಡೆಗೆ ಅದರಲ್ಲಿ ಇಲಿ ಮನೆ ಮಾಡಿತು, ಹಿಂದಿನ ಲೈಟಿನ ವೈರ್ ಕಡಿಯಿತು. ಪೂರ್ತಿ ಒಣಗಿದ ಜಾಗ ಸಿಕ್ಕರೆ ನಾರು ಒಳ್ಳೆಯದೇ, ಅದರ ಬಗ್ಗೆ ನನಗೆ ಇನ್ನೂ ಆಸೆ ಇದೆ. ಹಳೆ ಕಾರಿನೊಳಗೆ ಅಂಥ ಜಾಗ ಇಲ್ಲ.

ಇಷ್ಟಾದ ಮೇಲೆ ಕೂತು ಯೋಚಿಸಿದೆ. ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಸದ್ದು ಎಲ್ಲಿ ಹುಟ್ಟುತ್ತದೆ, ಎಲ್ಲಿಂದ ನುಗ್ಗುತ್ತದೆ ಅಂತ ನೋಡದೆ ಸೀದಾ ಅಂಟಿಸುವುದಕ್ಕೆ ಹೋಗಿದ್ದೆ. ಮೊದಲು ಅಳತೆ ಶುರು ಮಾಡಿದೆ. ನಮ್ಮ ದಾರಿಯಲ್ಲಿ ಸಿಗುವ ಕೆ.ಬಿ. ಕ್ರಾಸ್ ದಾಟಿದ ಮೇಲಿನ ಒಂದೇ ನೇರ ರಸ್ತೆ, ಬೆಳಗ್ಗೆ ಆರೂವರೆ, ನಾಲ್ಕನೇ ಗೇರ್, 60ರ ವೇಗ, ಗಾಜು ಮೇಲೆ, ಬ್ಲೋವರ್ ಆಫ್. ಫೋನ್ ಎಡಗಡೆ ಸೀಟಿನ ತಲೆ ಹತ್ತಿರ ಕಟ್ಟಿದ್ದೆ. ಫೋನಿನ ಆ್ಯಪ್ ತೋರಿಸುವ ಡೆಸಿಬಲ್ ಅಪ್ಪಟ ನಿಜ ಆಗಿರಬೇಕಿಲ್ಲ. ಒಂದೇ ಫೋನು, ಒಂದೇ ಜಾಗ ಅಂದರೆ ವ್ಯತ್ಯಾಸವನ್ನು ನಂಬಬಹುದು. ಮೊದಲ ದಿನ 74ರ ಹತ್ತಿರ ಇತ್ತು.

ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ನೋಡಿದೆ. ರಬ್ಬರ್ ಕಲ್ಲಾಗಿತ್ತು, ಒಂದರಲ್ಲಿ ಸೀಳು ಬಿಟ್ಟಿತ್ತು. ಮೂರು ಸಿಲಿಂಡರ್ ನಡುಕ ಎಲ್ಲಾ ಸೀದಾ ಬಾಡಿಗೆ ಬರುತ್ತಿತ್ತು. ಮೌಂಟಿಂಗ್ ಪೂರ್ತಿ ಬದಲಾಯಿಸಿದೆ, ಕೂಲಿ ಸೇರಿ 2,200. ಸೈಲೆನ್ಸರ್ ನೇತುಹಾಕುವ ರಬ್ಬರ್‌ಗಳೂ ಹೊಸವು. ಟೈರಿನ ಗಾಳಿ ನೋಡಿದರೆ ಪಂಪಿನ ಹುಡುಗ ದೊಡ್ಡ ಕಾರಿಗೆ ಹಾಕುವ ಹಾಗೆ 35 ಹಾಕಿದ್ದ. ಕಂಪನಿ ಹೇಳಿದ ಲೆಕ್ಕಕ್ಕೆ ಇಳಿಸಿದೆ. ಇಷ್ಟಕ್ಕೇ 72 ಆಯಿತು. ನಿಂತಾಗ ಸ್ಟೀರಿಂಗ್ ನಡುಗುವುದು ಅರ್ಧಕ್ಕರ್ಧ ಹೋಯಿತು. ಇನ್ನೂ ಒಂದು ಶೀಟೂ ಅಂಟಿಸಿಲ್ಲ ನೋಡಿ.

ಆಮೇಲೆ ತೂತು. ಅಮಾವಾಸ್ಯೆ ಹತ್ತಿರದ ರಾತ್ರಿ ಗಾಡಿಯನ್ನು ಶೆಡ್ಡಿಗೆ ಹಾಕಿ, ಎಂಜಿನ್ ಕಡೆ ಜೋರು ಬಲ್ಬ್ ಇಟ್ಟು, ನಾನು ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಮಲಗಿದೆ. ನಕ್ಷತ್ರದ ಹಾಗೆ ಬೆಳಕು. ವೈರಿಂಗ್ ಬರುವ ತೂತಿನ ರಬ್ಬರ್ ಒಡೆದಿತ್ತು. ಆ್ಯಕ್ಸಿಲರೇಟರ್ ಕೇಬಲ್ ಬಳಿ ಕಿರುಬೆರಳು ತೂರುವಷ್ಟು ಜಾಗ. ಯಾವಾಗಲೋ ಕಳ್ಳರ ಅಲಾರಂ ಹಾಕಿಸಿದಾಗ ಡ್ರಿಲ್ ಮಾಡಿ ಹಾಗೇ ಬಿಟ್ಟ ಎರಡು ತೂತು. ಗೇರ್ ಲಿವರ್ ಬುಡ ಮುಚ್ಚುವ ಬೂಟ್ ಅಂತೂ ಹರಿದೇ ಹೋಗಿತ್ತು. ಇಷ್ಟು ತೂತು ಇಟ್ಟುಕೊಂಡು ಬಾಗಿಲಿಗೆ ಹತ್ತು ಸಾವಿರದ ಶೀಟ್ ಅಂಟಿಸಿದರೂ ಕಿಟಕಿ ತೆಗೆದಿಟ್ಟು ಕಂಬಳಿ ಹೊದ್ದ ಹಾಗೆ. ವೈರಿಂಗ್ ತೂತಿನ ರಬ್ಬರ್ ಬಳೆ (ಗ್ರಾಮೆಟ್), ಗೇರ್ ಬೂಟ್ ಹೊಸದು ಹಾಕಿದೆ, ಉಳಿದಿದ್ದಕ್ಕೆ ಬ್ಯುಟೈಲ್ ಚೂರನ್ನೇ ಉಂಡೆ ಮಾಡಿ ಒತ್ತಿದೆ.

ಬಾಗಿಲ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್‌ಗೆ ಹತ್ತು ರೂಪಾಯಿ ನೋಟಿನ ಪರೀಕ್ಷೆ. ನೋಟು ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತದೆ. ನನ್ನ ಗಾಡಿಯಲ್ಲಿ ಹಿಂದಿನ ಎರಡೂ ಬಾಗಿಲ ಮೇಲಿನ ಮೂಲೆಯಲ್ಲಿ ನೋಟು ತಾನೇ ಬಿತ್ತು! ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಾಲ್ಕೂ ಬಾಗಿಲಿಗೆ ಬೀಡಿಂಗ್ ತಂದೆ, 1,600. ಹೊಸ ಬೀಡಿಂಗ್ ಮೊದಲ ವಾರ ಬಾಗಿಲು ಹಾಕುವುದಕ್ಕೆ ಬಿಡುವುದಿಲ್ಲ, ಗಾಬರಿ ಆಗಬೇಡಿ. ಅದಕ್ಕೆ ನಾನು ಹಚ್ಚಿದ್ದು ಏನು ಅಂತ ಇಲ್ಲಿ ಹೇಳುವುದಿಲ್ಲ. ಅಡುಗೆಮನೆಯದಲ್ಲ ಅಂತ ಮಾತ್ರ ಹೇಳುತ್ತೇನೆ. 80ರ ವೇಗದಲ್ಲಿ ಶಿಳ್ಳೆ ನಿಂತುಹೋಯಿತು. 60ರಲ್ಲಿ 71ಕ್ಕೆ ಸ್ವಲ್ಪ ಕೆಳಗೆ.

ಈಗ ಶೀಟ್. 2 ಎಂಎಂ ಬ್ಯುಟೈಲ್, ಅಲ್ಯೂಮಿನಿಯಂ ಹಾಳೆ ಇರುವುದು, 40 ಚದರಡಿ, ಸುಮಾರು 4,000. ಮೂಲೆಮೂಲೆಗೂ ಅಂಟಿಸಬೇಕು ಅಂತ ಅಂಗಡಿಯವರು ಹೇಳುತ್ತಾರೆ. ಬೇಡ. ಬೆರಳ ಗಿಣ್ಣಿನಿಂದ ತಗಡು ತಟ್ಟಿ. ಎಲ್ಲಿ "ಡಣ್" ಅನ್ನುತ್ತದೋ ಆ ಜಾಗದ ನಡುಮಧ್ಯಕ್ಕೆ ಒಂದು ತುಂಡು ಅಂಟಿಸಿ ಮತ್ತೆ ತಟ್ಟಿ. "ದಬ್" ಅಂದರೆ ಮುಂದೆ ಹೋಗಿ. ಬಾಗಿಲ ಹೊರತಗಡಿನ ಮೂರನೇ ಒಂದು ಭಾಗ ಮುಚ್ಚಿದರೆ ಸಾಕಾಯಿತು. ಒಂದು ಬಾಗಿಲಿಗೆ ಪೂರ್ತಿ ಅಂಟಿಸಿ, ಇನ್ನೊಂದಕ್ಕೆ ಮೂರನೇ ಒಂದು ಅಂಟಿಸಿ ಹೋಲಿಸಿ ನೋಡಿದೆ. ಕಿವಿಗೂ ಫೋನಿಗೂ ವ್ಯತ್ಯಾಸ ಸಿಗಲಿಲ್ಲ. ಬಾಗಿಲ ಹಿಂಜ್‌ಗೆ ಅಷ್ಟು ಭಾರ ತಪ್ಪಿತು.

ಒತ್ತುವುದರಲ್ಲೇ ಎಲ್ಲಾ ಇದೆ. ತಗಡನ್ನು ಥಿನ್ನರ್‌ನಲ್ಲಿ ಒರೆಸಿ, ಶೀಟನ್ನು ಅರ್ಧ ಗಂಟೆ ಬಿಸಿಲಿಗಿಟ್ಟು, ರೋಲರ್‌ನಲ್ಲಿ ಮೇಲಿನ ಉಬ್ಬುಗೆರೆ ಅಳಿಸಿಹೋಗುವ ತನಕ ಒತ್ತಬೇಕು. ಗೆರೆ ಕಾಣುತ್ತಿದ್ದರೆ ಅದು ಅಂಟಿಲ್ಲ. ಕೈಗೆ ದಪ್ಪ ಗ್ಲೌಸ್ ಹಾಕಿ, ಆ ಹಾಳೆಯ ಅಂಚು ಬ್ಲೇಡೇ. ಬಾಗಿಲ ಅಡಿಯ ನೀರಿಳಿಯುವ ಕಂಡಿಗಳನ್ನು ಮಾತ್ರ ಮುಚ್ಚಬೇಡಿ.

ಇಲ್ಲೂ ಒಂದು ಪೆಟ್ಟು ತಿಂದೆ. ಡೋರ್ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಹರಿದಿತ್ತು ಅಂತ ಕಿತ್ತು ಬಿಸಾಡಿದೆ. ಶೀಟ್ ಅಂಟಿಸಿದ್ದೇನೆ, ಇನ್ಯಾಕೆ ಅಂದುಕೊಂಡೆ. ಒಂದು ಜೋರು ಮಳೆಯಲ್ಲಿ ಗಾಜಿನ ಮೇಲಿಂದ ಇಳಿದ ನೀರು ಪ್ಯಾಡಿನ ಹಲಗೆಗೆ ತಾಗಿ ಅದು ಹಪ್ಪಳದ ಹಾಗೆ ಉಬ್ಬಿತು. ಗುಜರಿಯಲ್ಲಿ ಬೇರೆ ಪ್ಯಾಡ್ ಹುಡುಕಿ ತಂದಿದ್ದು 800 ರೂಪಾಯಿಗೆ. ನಾರಿಗೆ ನೀರು ಎಲ್ಲಿಂದ ಬರುತ್ತಿತ್ತು ಅಂತಲೂ ಆಗಲೇ ಗೊತ್ತಾಯಿತು. ಹಿಂದಿನ ಬಾಗಿಲುಗಳ ಹಾಳೆಯೂ ಹರಿದಿತ್ತು. ಈಗ ನಾಲ್ಕಕ್ಕೂ ದಪ್ಪ ಪ್ಲಾಸ್ಟಿಕ್ ಕತ್ತರಿಸಿ, ಸುತ್ತ ಬ್ಯುಟೈಲ್ ದಾರ ಇಟ್ಟು ಒತ್ತಿದ್ದೇನೆ.

ಫ್ಲೋರ್ ಮ್ಯಾಟಿಂಗ್ ಎತ್ತಿದಾಗ ಡ್ರೈವರ್ ಕಾಲಿನ ಕೆಳಗೆ ಅಂಗೈಯಗಲ ತುಕ್ಕು. ಸದ್ದಿನ ಕೆಲಸ ಅಲ್ಲೇ ನಿಲ್ಲಿಸಿದೆ. ಕೆರೆದು, ತುಕ್ಕಿನ ಕೆಮಿಕಲ್ ಹಚ್ಚಿ, ಪ್ರೈಮರ್, ಪೇಂಟ್ ಹೊಡೆದು ಒಂದು ವಾರ ಒಣಗಿಸಿದೆ, 600 ರೂಪಾಯಿ. ತುಕ್ಕಿನ ಮೇಲೆ ಶೀಟ್ ಅಂಟಿಸಿದರೆ ತಗಡು ಕೆಳಗೇ ಕರಗುತ್ತದೆ, ನಮಗೆ ಕಾಣುವುದೂ ಇಲ್ಲ.

ಆಮೇಲೆ ಫ್ಲೋರ್‌ಗೆ ಮೂರು ಪದರ. ಬ್ಯುಟೈಲ್ ತುಂಡುಗಳು, ಅದರ ಮೇಲೆ 10 ಎಂಎಂ ನೈಟ್ರೈಲ್ ಫೋಮ್, ಅದರ ಮೇಲೆ ಭಾರದ ವಿನೈಲ್ ಹಾಳೆ. ಫೋಮನ್ನು ಕಾರಿನ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ. ಏಸಿ ಡಕ್ಟ್ ಕೆಲಸದವರು ತರುವ ಕಡೆ ತನ್ನಿ, ಅದೇ ಮಾಲು, ಬೆಲೆ ಕಡಿಮೆ, ನೀರು ಕುಡಿಯುವುದಿಲ್ಲ. ನನಗೆ 1,350 ಆಯಿತು. ವಿನೈಲ್ 2,400, ಚದರ ಮೀಟರ್‌ಗೆ 5 ಕೆಜಿ ತೂಗುವಂಥದ್ದು. ಅದನ್ನು ಅಂಟಿಸಲಿಲ್ಲ. ಫೋಮಿನ ಮೇಲೆ ಸಡಿಲವಾಗಿ ಹಾಸಿದೆ, ಸೀಟಿನ ಬೋಲ್ಟ್‌ಗಷ್ಟೇ ತೂತು. ಟೈರಿನ ಸದ್ದು ನಿಜವಾಗಿ ಇಳಿದಿದ್ದು ಇಲ್ಲಿ. 67-68ಕ್ಕೆ ಬಂತು.

ಎಂಜಿನ್‌ಗೂ ನಮ್ಮ ಕಾಲಿಗೂ ನಡುವಿನ ತಗಡಿಗೂ ಇದೇ ವಿನೈಲ್ ಹೋಗಿದೆ, ಡ್ಯಾಶ್‌ಬೋರ್ಡ್ ಬಿಚ್ಚದೆ. ಅದನ್ನು ಒಳಗೆ ತೂರಿಸಿದ ಬಗೆ ನನ್ನದೇ. ಮೂರು ರಾತ್ರಿ ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದು, ಇನ್ನೂ ಎರಡು ಗಾಡಿಗೆ ಮಾಡಿ ನೋಡಿದ ಮೇಲೆ ಹೇಳುತ್ತೇನೆ. ಎಂಜಿನ್ ಕೋಣೆಯೊಳಗೆ ಮಾತ್ರ ನಾನು ಯಾವ ಫೋಮೂ ಹಾಕಿಲ್ಲ. ಸೈಲೆನ್ಸರ್ ಬಿಸಿಗೆ ಯಾವುದು ಉರಿಯುತ್ತದೆ, ಯಾವುದು ಇಲ್ಲ ಅನ್ನುವುದನ್ನು ಮನೆಯಲ್ಲಿ ಪರೀಕ್ಷೆ ಮಾಡುವ ವಿಷಯ ಅಲ್ಲ.

ಛಾವಣಿಯಲ್ಲಿ ಒಂದು ಸಣ್ಣ ಪ್ರಯೋಗ. ಮಳೆ ಸದ್ದಿಗೆ ಅಂತ ಮೊದಲು ಥರ್ಮಾಕೋಲ್ ಇಟ್ಟೆ. ಉಜ್ಜಿ ಉಜ್ಜಿ ಕಿರ್ರ್ ಅಂತ ಹಲ್ಲು ಜುಮ್ ಅನ್ನಿಸಿತು, ಎರಡೇ ದಿನಕ್ಕೆ ತೆಗೆದೆ. ನಡುಮಧ್ಯ ನಾಲ್ಕು ತುಂಡು ಬ್ಯುಟೈಲ್ ಹಾಕಿದೆ, ಅಷ್ಟೇ. ಟಿನ್ ಶೀಟ್ ಮೇಲೆ ಬಿದ್ದಂತಿದ್ದ ಮಳೆ ಈಗ ಹೆಂಚಿನ ಮನೆ ಮೇಲೆ ಬಿದ್ದ ಹಾಗೆ ಕೇಳಿಸುತ್ತದೆ. ಬಿಸಿಲಿಗೂ ಒಳಗೆ ಸ್ವಲ್ಪ ಕಡಿಮೆ ಕಾಯುತ್ತದೆ ಅಂತ ನನ್ನ ಅನಿಸಿಕೆ, ಅಳತೆ ಮಾಡಿಲ್ಲ.

ದುಡ್ಡು ನೆನಪಿನಿಂದ ಹೇಳುತ್ತೇನೆ. ಎಲ್ಲಾ ಸೇರಿ ಹದಿನೈದೂವರೆ ಸಾವಿರದ ಹತ್ತಿರ. ಅದರಲ್ಲಿ 2,800 ನನ್ನ ತಪ್ಪುಗಳಿಗೆ ಹೋಯಿತು. ಅಂಗಡಿಯವರು ಕೇಳಿದ್ದರ ಅರ್ಧ, ಮೌಂಟಿಂಗ್, ಬೀಡಿಂಗ್, ತುಕ್ಕಿನ ಕೆಲಸ ಎಲ್ಲಾ ಇದರೊಳಗೇ. ಗಾಡಿಗೆ 22-23 ಕೆಜಿ ಕೂಡಿತು. ಮೈಲೇಜ್ ಮೊದಲೂ 18 ಚಿಲ್ಲರೆ, ಈಗಲೂ 18 ಚಿಲ್ಲರೆ.

ಮೆಕ್ಯಾನಿಕ್‌ನನ್ನು ಪಕ್ಕ ಕೂರಿಸಿಕೊಂಡು ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಮೊದಲ ಎರಡು ಕಿಲೋಮೀಟರ್ ಏನೂ ಮಾತಾಡಲಿಲ್ಲ. ಆಮೇಲೆ, "ಸಾರ್, ಎಂಜಿನ್ ಏನಾದ್ರೂ ಬದಲಾಯಿಸಿದ್ರಾ?" ಅಂದ. ಈಗ ಅವನ ಗಿರಾಕಿಯೊಬ್ಬರ ಹಳೆ ಆಲ್ಟೋ ನಮ್ಮ ಶೆಡ್ಡಿನಲ್ಲಿ ನಿಂತಿದೆ.

ಅಪ್ಪನಿಗೆ ನಾನು ಏನೂ ಹೇಳಿರಲಿಲ್ಲ. ಮುಂದಿನ ಸಲ ತಿಪಟೂರಿಗೆ ಹೊರಟಾಗ ಗುಬ್ಬಿ ಆಚೆಯ ನಿಟ್ಟೂರು ದಾಟಿದ ಮೇಲೆ ನೋಡಿದೆ, ಮೆಷಿನ್ ಕಿವಿಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ, "ಮುಂದೆ ಎಡಗಡೆ ಚಕ್ರದಲ್ಲಿ ಏನೋ ಗುಂಯ್ ಅಂತಿದೆಯಲ್ಲೋ" ಅಂದರು. ನನಗೆ ಕೇಳಿಸಿರಲಿಲ್ಲ. ಗಾಡಿ ನಿಧಾನ ಮಾಡಿ ಕಿವಿಗೊಟ್ಟೆ, ಹೌದು. ಮೊದಲಿನ ಗದ್ದಲದಲ್ಲಿ ಇದು ಎಷ್ಟು ದಿನದಿಂದ ಮುಚ್ಚಿಹೋಗಿತ್ತೋ ಏನೋ. ಮಾರನೇ ದಿನ ಬಿಚ್ಚಿಸಿದರೆ ಬೇರಿಂಗ್ ಹೋಗಿತ್ತು. ಬದಲಾಯಿಸಿದೆ. ಈಗ ಡ್ಯಾಶ್‌ಬೋರ್ಡ್ ಎಡಮೂಲೆಯಲ್ಲಿ ಟಿಕ್ ಟಿಕ್ ಅನ್ನುವುದೊಂದು ಉಳಿದಿದೆ, ಹಂಪ್ ಹತ್ತಿದಾಗ ಮಾತ್ರ. ಮುಂದಿನ ಭಾನುವಾರ ಗ್ಲೋವ್ ಬಾಕ್ಸ್ ಬಿಚ್ಚುತ್ತೇನೆ.