ಖಾಲಿಯಾಗಿ ಮರಳುವ ಕ್ಯಾರಿಯರ್: ಹಿರಿಯರ ಊಟದಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ಕುಳಿತು, ಹಿರಿಯರ ಮಿದುಳಿಗೆ ಹಿತವಾಗುವ ಊಟಕ್ಕಾಗಿ ಬೆಣ್ಣೆ ಕಡಿಮೆ ಮಾಡುತ್ತೇನೆ ಎಂದಾಗ ನಮ್ಮ ಕಸುಬಿನವರೇ ಆರು ತಿಂಗಳಿಗೆ ಖಾನಾವಳಿಗೆ ಬೀಗ ಬೀಳುತ್ತದೆ ಎಂದಿದ್ದರು. ಮೂರು ವರ್ಷ ದಾಟಿತು. ಈಗ ದಿನಕ್ಕೆ ಐವತ್ತರ ಆಸುಪಾಸು ಕ್ಯಾರಿಯರ್‌ಗಳು ಅರವತ್ತು ಮೀರಿದವರ ಮನೆಗಳಿಗೆ ಹೋಗುತ್ತವೆ. ನಾಲ್ಕೈದು ಬಿಟ್ಟರೆ ಉಳಿದವೆಲ್ಲ ಖಾಲಿಯಾಗಿ ಮರಳುತ್ತವೆ. ಊರಿನಲ್ಲಿ ಈ ಲೆಕ್ಕ ಇಡುವವನು ನಾನೊಬ್ಬನೇ ಎಂದುಕೊಂಡಿದ್ದೇನೆ.

ಶುರುವಾದದ್ದು ಅವ್ವನಿಂದ. 2022ರಲ್ಲಿ ಒಲೆಯ ಮೇಲೆ ಬೇಳೆ ಇಟ್ಟು ಮರೆಯುವುದು, ಒಂದೇ ಮಾತನ್ನು ನಾಲ್ಕು ಸಲ ಕೇಳುವುದು ಹೆಚ್ಚಾಯಿತು. ಅರವತ್ತಕ್ಕೆ ಅರಳು ಮರಳು ಎಂದು ಓಣಿಯವರು ಸಮಾಧಾನ ಹೇಳಿದರು. ವೈದ್ಯರು ಮಾತ್ರ ರಕ್ತ ಪರೀಕ್ಷೆ ಮಾಡಿಸಿದರು. ಬಿ12 ಜೀವಸತ್ವ ತಳ ಕಂಡಿತ್ತು. ಹುಟ್ಟಿನಿಂದ ಸಸ್ಯಾಹಾರ, ಮೇಲೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ. ಅದು ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಚುಚ್ಚುಮದ್ದು ಶುರುವಾದ ನಾಲ್ಕೈದು ತಿಂಗಳಲ್ಲಿ ಅವ್ವ ಬಹುಮಟ್ಟಿಗೆ ಮೊದಲಿನಂತಾದಳು. ಇದು ನನ್ನ ಅಡುಗೆಯ ಗೆಲುವಲ್ಲ. ಸೊಪ್ಪು, ಕಾಳುಗಳಿಂದ ಬಿ12 ಸಿಗುವುದಿಲ್ಲ, ಹಾಲು ಮೊಸರಿನಿಂದ ಒಂದಿಷ್ಟು ಸಿಗುತ್ತದೆ. ಹಾಗಾಗಿ ಹೊಸ ಗಿರಾಕಿ ಬಂದರೆ ಆ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳುತ್ತೇನೆ. ನಿಜವಾದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದವರಿಗೆ ಊಟದಿಂದ ಗುಣವಾಗುತ್ತದೆ ಎಂದು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಅದೇ ವೈದ್ಯರು, ಮಿದುಳಿನ ಆರೋಗ್ಯಕ್ಕೆಂದು ರೂಪಿಸಿದ ಮೈಂಡ್ ಆಹಾರಕ್ರಮದ ಬಗ್ಗೆ ಹೇಳಿದರು. ಷಿಕಾಗೊದ ರಷ್ ವಿಶ್ವವಿದ್ಯಾಲಯದ ಮಾರ್ತಾ ಕ್ಲೇರ್ ಮಾರಿಸ್ ಅವರ ತಂಡ 2015ರಲ್ಲಿ ಪ್ರಕಟಿಸಿದ್ದು. ವಾರಕ್ಕೆ ಆರು ಸಲವಾದರೂ ಸೊಪ್ಪು, ಮೂರು ನಾಲ್ಕು ಸಲ ಕಾಳು, ಐದು ಸಲ ಬಾದಾಮಿ, ಅಕ್ರೋಟಿನಂಥ ಬೀಜಗಳು, ದಿನವೂ ಇಡೀ ಧಾನ್ಯ; ಬೆಣ್ಣೆ ದಿನಕ್ಕೆ ಒಂದು ದೊಡ್ಡ ಚಮಚಕ್ಕಿಂತ ಕಡಿಮೆ. ಇದರಲ್ಲಿ ಹೊಸದೇನಿದೆ, ಜೋಳದ ರೊಟ್ಟಿ, ಕಾಳುಪಲ್ಯ, ಅಗಸೆ ಚಟ್ನಿಪುಡಿ ನಮ್ಮ ಅಜ್ಜಿಯ ಊಟವೇ ಅಲ್ಲವೇ ಎಂದು ಹುಮ್ಮಸ್ಸಿನಿಂದ ಇಳಿದುಬಿಟ್ಟೆ.

ಇಳಿದು ಸೋತೆ. ನವಣೆ ಅನ್ನ ಹನ್ನೆರಡೂವರೆಗೆಲ್ಲ ಮರಳಿನಂತೆ ಉದುರಾಯಿತು. ಹಲ್ಲಿಲ್ಲದವರು ಅದನ್ನು ತಿನ್ನುವುದು ಹೇಗೆ? ಐದು ಕಿಲೋ ಅಗಸೆಯನ್ನು ಒಂದೇ ಸಲ ಪುಡಿ ಮಾಡಿಸಿದೆ. ಏಪ್ರಿಲ್ ಬಿಸಿಲಿಗೆ ಮೂರನೇ ವಾರ ಕನರು ವಾಸನೆ, ಎಲ್ಲ ತಿಪ್ಪೆಗೆ ಹೋಯಿತು. ಅಕ್ರೋಟು ಕಿಲೋಗೆ ಸಾವಿರದ ಮೇಲೆ, ಹನ್ನೆರಡು ದಿನದಲ್ಲಿ ಕೈಬಿಟ್ಟು ಚಳ್ಳಕೆರೆಯ ಶೇಂಗಾಕ್ಕೆ ಬಂದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಬೆಣ್ಣೆಯನ್ನು ಪೂರ್ತಿ ನಿಲ್ಲಿಸಿದ್ದು. ನಿವೃತ್ತ ಮೇಷ್ಟ್ರೊಬ್ಬರು ಕ್ಯಾರಿಯರ್ ಹಿಡಿದು ತಾವೇ ಬಂದರು. "ತಮ್ಮಾ, ನಾಲ್ಕು ದಿನದಿಂದ ಇದನ್ನು ಎಮ್ಮೆಗೆ ಹಾಕುತ್ತಿದ್ದೇನೆ. ನಿನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ" ಎಂದರು. ಮೂರು ತಿಂಗಳಲ್ಲಿ ನಲವತ್ತು ಸಾವಿರದಷ್ಟು ಕೈಬಿಟ್ಟಿತು. ಎತ್ತಿದ ಚೀಟಿಯ ದುಡ್ಡು ಅದರಲ್ಲೇ ಮುಳುಗಿತು.

ಮೇಷ್ಟ್ರ ಮಾತಿನಿಂದಲೇ ದಾರಿ ಹೊಳೆಯಿತು. ಎಮ್ಮೆಗೆ ಹೋದ ಸೊಪ್ಪಿನಿಂದ ಮನುಷ್ಯನ ಮಿದುಳಿಗೇನು ಬಂತು? ಮರುದಿನದಿಂದ, ಬೇಡವಾದದ್ದನ್ನು ಡಬ್ಬಿಯಲ್ಲೇ ಬಿಡಿ ಎಂದು ಎಲ್ಲರಿಗೂ ಹೇಳಿ, ಮರಳಿದ ಕ್ಯಾರಿಯರ್‌ಗಳನ್ನು ತೆರೆದು ಉಳಿದದ್ದನ್ನು ತೂಗಿ ಬರೆಯತೊಡಗಿದೆ. ಎರಡು ವಾರಕ್ಕೆ ಚಿತ್ರ ಸ್ಪಷ್ಟವಾಯಿತು. ಪಲ್ಯವಾಗಿ ಹೋದ ನುಗ್ಗೆಸೊಪ್ಪು ಅರ್ಧ ವಾಪಸು. ತೊವ್ವೆಯಲ್ಲಿ ಮಸೆದದ್ದು ಚೂರೂ ಇಲ್ಲ. ನವಣೆಗೆ ಮೂರನೇ ಎರಡು ಪಾಲು ಅಕ್ಕಿ ಬೆರೆಸಿ, ರಾತ್ರಿ ನೆನೆಸಿ ಬೇಯಿಸಿದರೆ ಮೆತ್ತಗೆ ನಿಲ್ಲುತ್ತದೆ. ನೀರಿನ ಜೊತೆಗೆ ಇನ್ನೊಂದು ಪದಾರ್ಥವನ್ನೂ ಹಾಕುತ್ತೇನೆ, ಅದು ನಮ್ಮ ಅಡುಗೆಮನೆಯಲ್ಲೇ ಇರಲಿ. ಬೆಣ್ಣೆಯನ್ನು ಒಗ್ಗರಣೆಯಿಂದ ತೆಗೆದು, ಡಬ್ಬಿ ಮುಚ್ಚುವ ಕ್ಷಣದಲ್ಲಿ ಬಿಸಿ ರೊಟ್ಟಿಯ ಮೇಲೆ ಒಂದೇ ಚಿಕ್ಕ ಚಮಚ ಇಡತೊಡಗಿದೆ. ಮುಚ್ಚಳ ತೆಗೆದೊಡನೆ ಘಮ ಬರುತ್ತದೆ. ಮೊದಲು ತಲೆಗೆ ಇಪ್ಪತ್ತು ಇಪ್ಪತ್ತೈದು ಗ್ರಾಂ ಹೋಗುತ್ತಿದ್ದುದು ಐದಕ್ಕೆ ಇಳಿಯಿತು. ಉಪ್ಪನ್ನು ಎರಡು ತಿಂಗಳು ಹಿಡಿದು ಚಿಟಿಕೆ ಚಿಟಿಕೆಯಾಗಿ ಇಳಿಸಿದೆ, ಯಾರಿಗೂ ಗೊತ್ತಾಗಲಿಲ್ಲ. ಅಗಸೆಯನ್ನು ಈಗ ವಾರಕ್ಕೆ ಎರಡು ಸಲ ಹುರಿದು ಪುಡಿ ಮಾಡುತ್ತೇವೆ. ಅದರ ಜೊತೆ ಗುರೆಳ್ಳು, ಶೇಂಗಾ ಎಷ್ಟೆಷ್ಟು ಎಂಬುದನ್ನು ಮಾತ್ರ ಕೇಳಬೇಡಿ.

2023ರಲ್ಲಿ ಎದೆ ಕುಸಿಯುವ ಸುದ್ದಿ ಬಂತು. ಅದೇ ಮೈಂಡ್ ಆಹಾರವನ್ನು ಸುಮಾರು 600 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದಾಗ, ಹೋಲಿಕೆಯ ಗುಂಪಿಗಿಂತ ಗಮನಾರ್ಹ ಲಾಭ ಕಂಡಿರಲಿಲ್ಲ. ಎರಡೂ ಗುಂಪಿನವರು ತುಸು ಸುಧಾರಿಸಿದ್ದರು, ಅಷ್ಟೇ. ಬಿಟ್ಟುಬಿಡಲೇ ಎಂದು ವೈದ್ಯರನ್ನು ಕೇಳಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ಡಿಮೆನ್ಷಿಯಾಕ್ಕೆ ದಾರಿ ಮಾಡುತ್ತವೆ, ಅವನ್ನು ಹಿಡಿದಿಡು ಎಂದರು. ಮರುವರ್ಷ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಕೊಟ್ಟ, ಡಿಮೆನ್ಷಿಯಾ ತರಬಲ್ಲ 14 ಅಪಾಯಗಳ ಪಟ್ಟಿಯಲ್ಲಿ ಅವೆರಡರ ಜೊತೆ ಕೆಟ್ಟ ಕೊಲೆಸ್ಟ್ರಾಲ್ ಕೂಡ ಸೇರಿತು. ಅಂದಿನಿಂದ ನನ್ನ ಗುರಿ ಅದೇ. ಮೇಷ್ಟ್ರ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಒಂಬತ್ತರಿಂದ ಏಳರ ಹತ್ತಿರ ಬಂದಿದೆ. ಮಾತ್ರೆಯೂ ಇದೆ, ಕುಂದವಾಡ ಕೆರೆಯ ಸುತ್ತ ನಡಿಗೆಯೂ ಇದೆ, ನನ್ನ ಊಟವೂ ಇದೆ.

ನಡುವೆ ನವಣೆ ಬೆಣ್ಣೆದೋಸೆಗೂ ಕೈ ಹಾಕಿದೆ. ಆರು ಸಲ ಹಿಟ್ಟು ಬದಲಿಸಿದರೂ ಗರಿ ಬಂದಿಲ್ಲ, ಹಿಟ್ಟಿಗೆ ಹಾಕುವ ಮಂಡಕ್ಕಿಯ ಪ್ರಮಾಣದಲ್ಲಿ ಏನೋ ಇದೆ. ಒಂದೆಲಗವನ್ನು ಕುಂಡಗಳಲ್ಲಿ ಬೆಳೆಸಿದ್ದೇನೆ. ನೆನಪಿಗೆ ಒಳ್ಳೆಯದೆಂದು ಊರೆಲ್ಲ ಹೇಳುತ್ತದೆ; ನಾನು ಅದನ್ನು ನೆಚ್ಚಿ ಕುಳಿತಿಲ್ಲ, ಅದರ ಚಟ್ನಿ ಡಬ್ಬಿಯಲ್ಲಿ ಉಳಿಯುವುದಿಲ್ಲ ಎಂಬುದಕ್ಕೇ ಮುಂದುವರಿಸಿದ್ದೇನೆ.

ತಕ್ಕಡಿಯ ಕೆಲಸ ಈಗ ಅವ್ವನದು. ಸಂಜೆ ಜಗುಲಿಯಲ್ಲಿ ಕುಳಿತು ತೂಗುತ್ತಾಳೆ, ಬಾಯಿಲೆಕ್ಕದಲ್ಲೇ ಕೂಡಿಸಿ ಪುಸ್ತಕದಲ್ಲಿ ಬರೆಯುತ್ತಾಳೆ. ನಿನ್ನೆ ಉಳಿದದ್ದು 310 ಗ್ರಾಂ, ಮುಕ್ಕಾಲು ಪಾಲು ಹಾಗಲಕಾಯಿ. "ನಾಳೆ ಇದಕ್ಕೆ ಶೇಂಗಾ ಪುಡಿ ತುಂಬಿ ಎಣ್ಣೆಗಾಯಿ ಮಾಡಿಸು" ಎಂದಿದ್ದಾಳೆ.